ಕಾಳಗ ಮುಗಿಯುವವರೆಗೆ

ಆಟದಲ್ಲಿ ಪೆಟ್ಟು ಬಿದ್ದವರ ಕೈಕಾಲು ನಿಂತುಹೋಗುವ ಅವಸ್ಥೆಗೆ ಮೊದಲು ನಾವು ಇಟ್ಟ ಹೆಸರು ‘ಸ್ತಂಭನ’. ಕೇಳಲು ಗಂಭೀರವಾಗಿತ್ತು, ಆಟದ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದರೆ ಚೆಂದ ಕಾಣುತ್ತಿತ್ತು. ಪರೀಕ್ಷೆಗೆ ಕೂತವರ ಸೊಂಟಕ್ಕೆ ಪಟ್ಟಿ ಕಟ್ಟಿ, ಅವರ ಕಾಯಿಗೆ ಹಳದಿ ಬಳೆ ತೊಡಿಸಿ, “ನಿಮಗೆ ಸ್ತಂಭನವಾಗಿದೆ” ಎಂದು ಗಟ್ಟಿಯಾಗಿ ಹೇಳಿದೆವು. ಯಾರಿಗೂ ಏನೂ ಆಗಲಿಲ್ಲ. ಒಬ್ಬ ಆಕಳಿಸಿದ. ಇನ್ನೊಬ್ಬ ಚಹಾ ಯಾವಾಗ ಬರುತ್ತದೆಂದು ಕೇಳಿದ.

ಸೊಂಟದ ಆ ಪಟ್ಟಿಯನ್ನು ತಯಾರಿಸಿದವನು ನಾನಾದ್ದರಿಂದ ಎಲ್ಲರೂ ನನ್ನ ಮುಖ ನೋಡಿದರು.

ನಮ್ಮ ‘ಒಡ್ಡೋಲಗ’ ಕಂಪನಿ ಇರುವುದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಟೈರಿನ ಅಂಗಡಿಯೊಂದರ ಮಾಳಿಗೆಯ ಮೇಲೆ. ಮೇಜಿನ ಸುತ್ತ ಕೂತು ಆಡುವ ಕಥೆಯಾಟಗಳನ್ನು ನಾವು ಮಾಡುತ್ತೇವೆ. ಆಡುವವರು ತಲಾ ಒಂದು ಪಾತ್ರ ಹಿಡಿಯುತ್ತಾರೆ. ನಡುವೆ ಮನೆಗಳನ್ನು ಗೀಚಿದ ಹಾಸು, ಅದರ ಮೇಲೆ ಕಾಯಿಗಳು, ಕೈಯಲ್ಲಿ ದಾಳ. ಪಂಚ ಎನಿಸಿಕೊಂಡವರು ಕಥೆ ನಡೆಸುತ್ತಾರೆ, ವೈರಿಗಳ ಕಾಯಿಗಳನ್ನೂ ಅವರೇ ನಡೆಸುತ್ತಾರೆ. ಕಾಳಗದಲ್ಲಿ ಪೆಟ್ಟು ಬಿದ್ದವರಿಗೆ ಒಂದೊಂದು ಅವಸ್ಥೆ ಹಿಡಿಯುತ್ತದೆ. ಒಬ್ಬನಿಗೆ ಕಣ್ಣು ಕಾಣುವುದಿಲ್ಲ, ಇನ್ನೊಬ್ಬನಿಗೆ ಕೈ ಏಳುವುದಿಲ್ಲ. ಹಿಂದೆಲ್ಲ ಅದನ್ನು ನೆನಪಿಡಲು ಕಾಯಿಗೊಂದು ಬಣ್ಣದ ಬಳೆ ಹಾಕುತ್ತಿದ್ದರು, ಅಷ್ಟೆ.

ಅದು ಮೈಗೇ ಗೊತ್ತಾಗುವಂತೆ ಮಾಡಿದರೆ ಹೇಗೆ ಎನ್ನುವುದು ನನ್ನ ತಲೆಗೆ ಹೊಕ್ಕ ಹುಳು. ಹೊಟ್ಟೆಗೂ ಮಿದುಳಿಗೂ ನಡುವೆ ಓಡಾಡುವ ದೊಡ್ಡ ನರವೊಂದಿದೆ. ನನ್ನ ಪಟ್ಟಿ ಅದನ್ನು ಹೊರಗಿನಿಂದಲೇ ಸಣ್ಣಗೆ ತಟ್ಟುತ್ತದೆ. ತಟ್ಟುವ ತಾಳ ಬದಲಾದ ಹಾಗೆ ಮೈಗೆ ಬೇರೆ ಬೇರೆ ಸುದ್ದಿ ಹೋಗುತ್ತದೆ. ನಾನು ವರ್ಷಗಟ್ಟಲೆ ಕೂತು ಮಾಡಿದ ಈ ಯಂತ್ರಕ್ಕೆ ಆಡುವವರು ಇಟ್ಟ ಹೆಸರು ‘ಉಡದಾರ’. ಇರಲಿ.

ಅವಸ್ಥೆಗಳಿಗೆ ಹೆಸರಿಡುವುದು, ನಿಯಮ ಬರೆಯುವುದು ನೀಲಾಂಬಿಕಾ ಯಲಿಗಾರ ಅವರ ಕೆಲಸ. ಅವರು ಮೊದಲು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದವರು. ನನಗಿಂತ ಹಿರಿಯರು, ನನಗಿಂತ ಹಟಮಾರಿ.

“ಪ್ರಾಣೇಶ, ನಿಮ್ಮ ಯಂತ್ರಕ್ಕ ಏನೂ ಆಗಿಲ್ಲ. ಶಬ್ದಕ್ಕ ಜೀವ ಇಲ್ಲ,” ಎಂದರು ಅವರು. “ಸ್ತಂಭನ ಅಂತ ನಿಮ್ಮವ್ವ ಯಾವಾಗರ ಅಂದಾಳೇನು? ಮೈಗೆ ಗೊತ್ತಿರೋ ಮಾತು ಹೇಳ್ರಿ, ಮೈ ಕೇಳತೈತಿ.”

“ಅದಕ್ಕ ಏನಂತಾರ ಮತ್ತ?”

“ಗರ ಬಡಿದಂಗ ಯಾಕ ನಿಂತೀಯಲೇ, ಅಂತಾರ.”

ಹೆಸರು ‘ಗರ’ ಎಂದಾಯಿತು. ತಾಳ ಅದೇ, ಪಟ್ಟಿ ಅದೇ. ಚಹಾ ಕೇಳಿದ್ದ ಆ ಮನುಷ್ಯ ದಾಳ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಕೂತುಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ “ಯಪ್ಪಾ, ಏನ್ರಿ ಇದು!” ಎಂದು ಸೊಂಟ ಮುಟ್ಟಿ ನೋಡಿಕೊಂಡ.

ನನಗೆ ಸಿಟ್ಟು ಬಂತು. ಎಂಜಿನಿಯರಿಂಗ್ ಓದಿದ್ದು ಇದಕ್ಕೇನು ಅನಿಸಿತು. ಆದರೆ ಕಣ್ಣಿಗೆ ಕಂಡದ್ದನ್ನು ಇಲ್ಲ ಎನ್ನುವ ಹಾಗಿರಲಿಲ್ಲ. ಪಟ್ಟಿ ಕೊಡುವುದು ಸಣ್ಣದೊಂದು ತಳ್ಳು ಮಾತ್ರ, ಉಳಿದದ್ದನ್ನು ಚಿಕ್ಕಂದಿನಿಂದ ಕಿವಿಗೆ ಬಿದ್ದ ಮಾತು ಮಾಡುತ್ತದೆ. ಹೀಗೆ ‘ಭೀತಿ’ ಹೋಗಿ ‘ದಿಗಿಲು’ ಬಂತು, ‘ದುರ್ಬಲತೆ’ ಹೋಗಿ ‘ನಿತ್ರಾಣ’ ಬಂತು. ದಿಗಿಲು ಹಿಡಿದವರು ಮೇಜಿನ ಕೆಳಗೆ ಕಾಲು ಮಡಚಿಕೊಳ್ಳುತ್ತಿದ್ದರು. ಆಟ ಬಿಸಿ ದೋಸೆಯಂತೆ ಮಾರಾಟವಾಯಿತು.

ನೀಲಾಂಬಿಕಾ ಅವರದೊಂದು ಕಟ್ಟುನಿಟ್ಟಿತ್ತು. ಅವಸ್ಥೆ ಹೇಗೆ ಹಿಡಿಯುತ್ತದೆ, ಹಿಡಿದರೆ ಏನು ಮಾಡುತ್ತದೆ, ಹೇಗೆ ಬಿಡುತ್ತದೆ ಎಂಬ ಮೂರನ್ನೂ ಬರೆಯದೆ ಅದನ್ನು ಯಾರ ಮೈಮೇಲೂ ಬಿಡಕೂಡದು. ದಿಗಿಲು ಎರಡು ಸರದಿಗೆ ಬಿಡುತ್ತಿತ್ತು. ಗರ ಬಿಡಲು ದಾಳದಲ್ಲಿ ನಾಲ್ಕರ ಮೇಲೆ ಬೀಳಬೇಕಿತ್ತು.

ಮರುವರ್ಷ ಮಾಲೀಕರು, ಮನೆಮಂದಿ ಕೂಡಿ ಆಡುವಂಥ ಒಳ್ಳೆಯ ಅವಸ್ಥೆಗಳೂ ಬೇಕು ಎಂದರು. ಆಗ ಹುಟ್ಟಿದ್ದು ‘ಕರುಳು’. ಒಬ್ಬರು ಇನ್ನೊಬ್ಬರ ಕಾಯಿಯ ಕಾವಲು ಹೊರುತ್ತಾರೆ. ಆ ಕಾಯಿಗೆ ಪೆಟ್ಟು ಬಿದ್ದರೆ ಇವರ ಹೊಟ್ಟೆಯಲ್ಲಿ ಚುರುಕ್ ಎನ್ನುತ್ತದೆ, ಮುಂದಿನ ದಾಳಕ್ಕೆ ಬಲ ಬರುತ್ತದೆ. ಇದಕ್ಕೆ ನಾನು ಸೂಚಿಸಿದ್ದ ಹೆಸರು ‘ರಕ್ಷಾಬಂಧ’. ಅದು ಯಾರನ್ನೂ ಅಲುಗಿಸಲಿಲ್ಲ. ‘ಕರುಳು’ ಎಂದು ಹೇಳಿ ಪರೀಕ್ಷಿಸಿದಾಗ, ಲೆಕ್ಕಪತ್ರ ವಿಭಾಗದ ಬ್ರಹ್ಮಚಾರಿಯೊಬ್ಬ ನಮ್ಮ ಕಚೇರಿಯ ಕಾವಲುಗಾರನ ಕಾಯಿಗೆ ಬಾಣ ಬಿದ್ದದ್ದನ್ನು ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟ. ಕಾವಲುಗಾರನಿಗೆ ನಾಚಿಕೆಯಾಯಿತು.

ಇದು ಹೇಗೆ ಬಿಡಬೇಕು? ಒಳ್ಳೆಯದು ಒಂದಿಷ್ಟು ಹೆಚ್ಚು ಹೊತ್ತು ಇದ್ದರೆ ಯಾರು ಬೇಡ ಎನ್ನುತ್ತಾರೆ? ನೀಲಾಂಬಿಕಾ ‘ಕಾಳಗ ಮುಗಿಯುವವರೆಗೆ’ ಎಂದು ಬರೆದರು, ನಾನು ಹೂಂ ಎಂದೆ. ಪಂಚ “ಕಾಳಗ ಮುಗೀತು” ಎಂದು ಅಂಗೈಯಿಂದ ಕಾಯಿಗಳನ್ನೆಲ್ಲ ಒಂದು ಕಡೆ ಬಳಿಯುವುದು ನಮ್ಮ ಆಟದ ಪದ್ಧತಿ. ಆ ಹೊತ್ತಿಗೆ ಪಟ್ಟಿ ನಿಧಾನದ ತಾಳವೊಂದನ್ನು ತಟ್ಟುತ್ತದೆ, ಮೈ ಸಡಿಲ ಬಿಡುತ್ತದೆ. ಕಚೇರಿಯವರ ಮೇಲೆಯೇ ಪರೀಕ್ಷೆ ಮಾಡಿದೆವು. ಬೇಕೆಂದೇ ಕಾಳಗವನ್ನು ಅರ್ಧಕ್ಕೆ ಬಿಟ್ಟೂ ನೋಡಿದೆವು. ಸಂಜೆ ಅವರವರ ಮನೆಗೆ ಹೋದರು, ಮರುದಿನ ಯಾರಲ್ಲೂ ಏನೂ ಉಳಿದಿರಲಿಲ್ಲ. ಆಟ ಅಂಗಡಿಗೆ ಹೋಯಿತು.

ಒಂದು ಮಧ್ಯಾಹ್ನ ಒಬ್ಬ ಹುಡುಗಿ ಮೆಟ್ಟಿಲು ಹತ್ತಿ ಬಂದಳು. ಇಪ್ಪತ್ತು ದಾಟಿದ ವಯಸ್ಸು, ರಕ್ತ ತಪಾಸಣೆ ಮಾಡುವ ಲ್ಯಾಬ್ ಒಂದರಲ್ಲಿ ಕೆಲಸ, ಹೆಸರು ಮಹಾದೇವಿ ಮುದೇನೂರ. ಕೂರು ಎಂದರೂ ಕೂರಲಿಲ್ಲ.

“ನಿಮ್ಮ ಆಟದಾಗ ನಮ್ಮಪ್ಪ ಸಿಕ್ಕೊಂಡಾರ್ರಿ. ಬಿಡಿಸಿಕೊಡ್ರಿ,” ಎಂದಳು.

ತಂದೆ ಶ್ರೀಶೈಲಪ್ಪ ತೂಕ ಮತ್ತು ಅಳತೆ ಇಲಾಖೆಯಲ್ಲಿ ಅಂಗಡಿಗಳ ತಕ್ಕಡಿ ತಪಾಸಣೆ ಮಾಡುವವರು. ತಾಯಿ ಇವಳು ಕೂಸಿದ್ದಾಗಲೇ ತೀರಿಕೊಂಡಿದ್ದಳು. ಸೋದರತ್ತೆ ಸಾಕಿ, ಇವಳು ಕಾಲೇಜಿಗೆ ಸೇರಿದ ಮೇಲೆ ತನ್ನ ಮನೆಗೆ ಹೊರಟುಹೋದಳು. ತಂದೆ ಫೀಸು ಕಟ್ಟಿದರು, ಹಬ್ಬಕ್ಕೆ ಬಟ್ಟೆ ತಂದರು, ಅದರಾಚೆ ಒಂದು ಮಾತಿಲ್ಲ.

“ನನಗ ಟೈಫಾಯ್ಡ್ ಆದಾಗ ಬಾಗಲದಾಗ ನಿಂತು, ಗುಳಿಗಿ ಅದಾವೇನು ಅಂತ ಕೇಳಿ ಹೋದ್ರು. ಕೆಟ್ಟವರಲ್ರಿ. ಅವರಿಗೆ ಅದು ಬರಂಗಿಲ್ಲ, ಅಷ್ಟ.”

ಅಂಥ ಮನುಷ್ಯ ಆಟಕ್ಕೆ ಬಂದದ್ದೇ ದೊಡ್ಡದು. ವಿದ್ಯಾನಗರದ ಆಟದ ಮನೆಯೊಂದರಲ್ಲಿ ಭಾನುವಾರ ಇಬ್ಬರಿಗೆ ಒಂದೇ ಟಿಕೆಟ್ ಇತ್ತು. ಇವಳು ಸುಮ್ಮನೆ ಕೇಳಿದ್ದಳು. ಅವರು ರಜೆ ಇದೆ ಎಂದು ಬಂದರು. ಇವಳ ಕಾಯಿಯ ಕಾವಲು ಅವರ ಪಾಲಿಗೆ ಬಂತು. ಕೆಲವು ಭಾನುವಾರ ಆಡಿದರು. ಒಂದು ವಾರ ಕೋಟೆ ಬಾಗಿಲಲ್ಲಿ ಕಾಳಗ ಜೋರಾಗಿರುವಾಗಲೇ ಕರೆಂಟ್ ಹೋಯಿತು. ಮುಂದಿನ ವಾರ ಮುಗಿಸೋಣ ಎಂದು ಎಲ್ಲರೂ ಎದ್ದರು. ಮುಂದಿನ ವಾರ ಹೋದರೆ ಬಾಗಿಲಿಗೆ ಬೀಗ. ಆಟದ ಮನೆಯವರು ಜಾಗ ಖಾಲಿ ಮಾಡಿದ್ದರು.

“ಅವತ್ತಿನಿಂದ ದಿನಾ ಬಸ್ ಸ್ಟಾಪಿಗೆ ಬಂದು ನಿಂದರತಾರ. ಉಂಡಿ ಏನು ಅಂತ ಫೋನ್ ಮಾಡ್ತಾರ. ನನಗ ಕೆಮ್ಮು ಬಂದ್ರ ತಾವು ಎದಿ ಹಿಡ್ಕೋತಾರ.”

“ಇದು ಆಟದ್ದು ಅಂತ ನಿನಗ ಯಾವಾಗ ತಿಳೀತು?” ಎಂದು ನೀಲಾಂಬಿಕಾ ಕೇಳಿದರು.

ಹುಡುಗಿ ಆಗ ಕೂತಳು. “ಮೊದಲಽ ಸಂಶಯ ಇತ್ರಿ. ಸುಮ್ಮನಿದ್ದೆ. ನಾಕು ತಿಂಗಳು ಸುಮ್ಮನಿದ್ದೆ. ಅಪ್ಪಾಗ ವಯಸ್ಸಾತು, ಮನಸ್ಸು ಮೆತ್ತಗಾತು ಅಂತ ನನಗ ನಾನ ಹೇಳ್ಕೊಂಡೆ. ಛಲೋ ಅನಸ್ತಿತ್ರಿ ನನಗ. ಹೋದ ವಾರ ಬಸ್ ತಡ ಆತು. ಸ್ಟಾಪಿನಾಗ ಬಿದ್ದುಬಿಟ್ಟಿದ್ರು. ಹಿಂಗ ಬಡಕೊಂಡ್ರ ಈ ಹೃದಯ ವರ್ಷ ಸೈತ ತಾಳಂಗಿಲ್ಲ ಅಂದ್ರು ಡಾಕ್ಟರು.”

ನಾನು ಆಗುವುದೇ ಇಲ್ಲ ಎಂದೆ. ಮೈ ಇಂಥವನ್ನು ಒಂದೆರಡು ದಿನದಲ್ಲಿ ಮರೆಯುತ್ತದೆ, ನಾವೇ ನೋಡಿದ್ದೇವೆ ಎಂದೆ. ನೀಲಾಂಬಿಕಾ ನನ್ನ ಕಡೆ ನೋಡಲೂ ಇಲ್ಲ, ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು.

ಕೇಶ್ವಾಪುರದಲ್ಲಿ ಅವರದು ಪುಟ್ಟ ಮನೆ. ಶ್ರೀಶೈಲಪ್ಪ ತೆಳ್ಳಗಿನ, ಇಸ್ತ್ರಿ ಅಂಗಿಯ ಮನುಷ್ಯ. ಕಂಪನಿಯಿಂದ ಪಟ್ಟಿ ತಪಾಸಣೆಗೆ ಬಂದಿದ್ದೇವೆ ಎಂದೆವು. ತಪಾಸಣೆ ಎಂದರೆ ಅವರಿಗೆ ಗೌರವ, ಕೂಡಲೇ ಕಟ್ಟಿಸಿಕೊಂಡರು. ಪಟ್ಟಿ ತಟ್ಟುವುದಷ್ಟೇ ಅಲ್ಲ, ಮೈಯ ತಳಮಳವನ್ನು ಕೇಳಿಸಿಕೊಂಡು ನನ್ನ ಕೈಯಲ್ಲಿರುವ ಯಂತ್ರದ ಮುಳ್ಳಿಗೆ ತಿಳಿಸಲೂ ಬಲ್ಲದು. ತೂಕದ ಕಲ್ಲುಗಳಲ್ಲಿ ಅಂಗಡಿಯವರು ಮಾಡುವ ಮೋಸದ ಬಗ್ಗೆ ಅವರು ಹೇಳುತ್ತ ಹೋದರು. ನನ್ನ ಯಂತ್ರದ ಮುಳ್ಳು ತಣ್ಣಗೆ ಕೂತಿತ್ತು.

ಅಡುಗೆಮನೆಯಲ್ಲಿ ಏನೋ ದಡಲ್ ಎಂದಿತು. ಮುಳ್ಳು ತುದಿಗೆ ಹೋಗಿ ಬಡಿಯಿತು. ಶ್ರೀಶೈಲಪ್ಪ ಆಗಲೇ ಅಡುಗೆಮನೆಯ ಬಾಗಿಲಲ್ಲಿದ್ದರು.

“ಏನಾತವಾ? ಕೈಗೆ ಬಡೀತೇನು?”

“ಏನಿಲ್ಲಪ್ಪಾ. ಬೋಗುಣಿ ಮುಚ್ಚಳ.”

ಅವರು ಬೆವರು ಒರೆಸಿಕೊಳ್ಳುತ್ತ ಬಂದು ಕೂತರು. ಮುಳ್ಳು ಇಳಿಯಲು ಬಹಳ ಹೊತ್ತು ಹಿಡಿಯಿತು. ನಾನು ನಿಧಾನದ ತಾಳ ಕೊಟ್ಟು ನೋಡಿದೆ. ಅಷ್ಟರಲ್ಲಿ ಮಹಾದೇವಿ ಚಹಾ ತಂದಳು, ಮುಳ್ಳು ಮತ್ತೆ ಏರಿತು.

ನನಗೆ ತಿಳಿದದ್ದು ಆಗಲೇ. ಆಟದ ದೆವ್ವ ಕೇಶ್ವಾಪುರದ ಬೀದಿಯಲ್ಲಿ ಎದುರಾಗುವುದಿಲ್ಲ, ಆದ್ದರಿಂದ ಅದರ ದಿಗಿಲನ್ನು ಮೈ ಮರೆಯುತ್ತದೆ. ಇಲ್ಲಿ ಕಾವಲಿಗೆ ಕೊಟ್ಟ ಜೀವವೇ ಮನೆಯಲ್ಲಿ ಓಡಾಡುತ್ತಿದೆ. ಅವಳನ್ನು ನೋಡಿದಾಗಲೆಲ್ಲ ಅವರ ಮೈ ಆ ಪಾಠವನ್ನು ಹೊಸದಾಗಿ ಕಲಿಯುತ್ತಿದೆ. ನಮ್ಮ ಪರೀಕ್ಷೆಯಲ್ಲಿ ಬ್ರಹ್ಮಚಾರಿ ಒಂದು ಕಡೆ ಹೋದ, ಕಾವಲುಗಾರ ಇನ್ನೊಂದು ಕಡೆ ಹೋದ. ಒಂದೇ ಮನೆಯಲ್ಲಿ ಇರುವವರ ಮೇಲೆ ಪರೀಕ್ಷೆ ಮಾಡಬೇಕೆಂದು ನನಗೂ ನೀಲಾಂಬಿಕಾ ಅವರಿಗೂ ಹೊಳೆದಿರಲಿಲ್ಲ. ಮನೆಮಂದಿಗಾಗಿ ಮಾಡಿದ ಆಟ, ಹೇಳಿಕೊಳ್ಳಲಿಕ್ಕೂ ನಾಚಿಕೆ.

ಉಳಿದ ದಾರಿ ಒಂದೇ. ಅರ್ಧಕ್ಕೆ ನಿಂತ ಆ ಕಾಳಗವನ್ನು ಅವರು ಕೂತು ಮುಗಿಸಬೇಕು, ಪಂಚರ ಬಾಯಿಂದ ಮುಗಿಯಿತು ಎಂದು ಕೇಳಬೇಕು. ಆವತ್ತಿನ ಹಾಸಿನ ಫೋಟೋ ಮಹಾದೇವಿಯ ಮೊಬೈಲಿನಲ್ಲಿತ್ತು. ಪಂಚರಾಗಿ ಕೂರಲು ನೀಲಾಂಬಿಕಾ ತಾವೇ ಒಪ್ಪಿದರು.

ಕಚೇರಿಗೆ ಕರೆಸಿ ಎಲ್ಲವನ್ನೂ ಬಿಡಿಸಿ ಹೇಳಿದೆವು. ಶ್ರೀಶೈಲಪ್ಪ ಕೈ ಕಟ್ಟಿ ಕೇಳಿದರು.

“ಹಂಗಾದ್ರ ಇದು ನಂದಲ್ಲೇನು?”

“ಹಚ್ಚಿದವರು ನಾವರೀ,” ಎಂದರು ನೀಲಾಂಬಿಕಾ. “ತಪ್ಪಾಗೈತಿ.”

“ತಗೀಬ್ಯಾಡ್ರಿ ಇದನ್ನ.” ಅವರ ಧ್ವನಿ ಏರಲಿಲ್ಲ. “ಇಷ್ಟು ವರ್ಷ ಈ ಹುಡುಗಿ ನನ್ನ ಮನ್ಯಾಗ ಹ್ಯಾಂಗ ಒಬ್ಬಾಕೀನ ಇದ್ಲು ಅಂತ ನನಗ ಈಗ ಕಾಣಾಕತ್ತೈತಿ. ಇದು ಹೋದ್ರ ಅದೂ ಕಾಣಂಗಿಲ್ಲ.”

“ನೀವು ಸತ್ರ ಏನ್ ಕಾಣತೈತಪ್ಪಾ?” ಎಂದಳು ಮಗಳು. “ನನಗ ಇದು ಬೇಕಿಲ್ಲೇನು? ನಿಮಗಿಂತ ನನಗ ಹೆಚ್ಚು ಬೇಕು. ಆದ್ರ ನೀವು ಇರಬೇಕಲ್ಲ.”

ಮಹಾದೇವಿ ಹೋಗಿ ಮೇಜಿಗೆ ಕೂತಳು. ಮಗಳನ್ನು ವೈರಿಗಳ ಎದುರು ಒಬ್ಬಳನ್ನೇ ಬಿಟ್ಟು ಹೋಗಲು ಅವರಿಂದಾಗಲಿಲ್ಲ. ಅವರೂ ಬಂದು ಪಕ್ಕಕ್ಕೆ ಕೂತು ಪಟ್ಟಿ ಕಟ್ಟಿಸಿಕೊಂಡರು.

ಉಳಿದಿದ್ದವನು ಕೋಟೆಯ ದಳವಾಯಿ ಒಬ್ಬನೇ, ಅವನನ್ನು ಬೀಳಿಸಿದರೆ ಕಾಳಗ ಮುಗಿದಂತೆ. ಸರದಿ ಶ್ರೀಶೈಲಪ್ಪನವರದು. ಅವರ ಕಾಯಿ ಮಗಳ ಕಾಯಿಗೆ ಅಡ್ಡ ನಿಂತಿತ್ತು. ಅವರು ದಾಳವನ್ನು ಮುಷ್ಟಿಯಲ್ಲಿ ಹಿಡಿದು ಕೂತರು, ಒಗೆಯಲೇ ಇಲ್ಲ. ಮರಳಿನ ಗಡಿಯಾರ ಖಾಲಿಯಾಗುವವರೆಗೆ ಒಗೆಯದಿದ್ದರೆ ಸರದಿ ಹೋಗುತ್ತದೆ. ಹೋಯಿತು.

ಮಹಾದೇವಿ ತನ್ನ ಕಾಯಿಯನ್ನು ತಂದೆಯ ಮರೆಯಿಂದ ಎತ್ತಿ ದಳವಾಯಿಯ ಮುಂದಿಟ್ಟಳು.

“ಅಲ್ಲಿ ಹೋಗಬ್ಯಾಡವಾ!” ಅವರು ಅರ್ಧ ಎದ್ದುಬಿಟ್ಟರು. ನಾನು ಮುಳ್ಳು ನೋಡಿ ಸಾಕು ಎಂದು ಸನ್ನೆ ಮಾಡಿದೆ. ನೀಲಾಂಬಿಕಾ ಆಟ ನಿಲ್ಲಿಸಲಿಲ್ಲ.

ಮಹಾದೇವಿಯ ದಾಳಕ್ಕೆ ಎರಡು ಬಿತ್ತು. ದಳವಾಯಿಯ ಸರದಿ. ನೀಲಾಂಬಿಕಾ ತಮ್ಮ ದಾಳ ಒಗೆದು, ಅವಳ ಕಾಯಿಯನ್ನು ಬೆರಳಿನಿಂದ ಮಗ್ಗುಲಿಗೆ ಕೆಡವಿದರು. “ಬಾಳ ಪೆಟ್ಟಾಗೈತಿ. ಇನ್ನೊಂದು ಬಿದ್ರ ಉಳಿಯಂಗಿಲ್ಲ,” ಎಂದರು.

ಶ್ರೀಶೈಲಪ್ಪ ಯೋಚಿಸಲೇ ಇಲ್ಲ. ಮುಷ್ಟಿಯೊಳಗಿನ ದಾಳವನ್ನು ಮೇಜಿನ ಮೇಲೆ ಕುಕ್ಕಿದರು. ಅದು ಉರುಳಿ ಹಾಸಿನ ಅಂಚಿಗೆ ಹೋಗಿ ಆರರ ಮೇಲೆ ನಿಂತಿತು. ದಳವಾಯಿ ಬಿದ್ದ.

ತಾವು ಏನು ಮಾಡಿದೆವೆಂದು ಅವರಿಗೆ ತಿಳಿದದ್ದು ಆಮೇಲೆ. “ಒಂದು ನಿಮಿಷ ತಡೀರಿ,” ಎಂದು ನೀಲಾಂಬಿಕಾಗೆ ಕೈ ತೋರಿಸಿ ಮಗಳ ಮುಖ ನೋಡಿದರು. ಅಷ್ಟು ಹೊತ್ತು ಒಬ್ಬರು ಇನ್ನೊಬ್ಬರ ಮುಖ ನೋಡುವುದನ್ನು ನೋಡುತ್ತ ಕೂರುವುದು ಮೂರನೆಯವರಿಗೆ ಕಷ್ಟ. ನಾನು ಯಂತ್ರದ ಕಡೆ ತಿರುಗಿಕೊಂಡೆ.

“ಕಾಳಗ ಮುಗೀತು,” ಎಂದರು ನೀಲಾಂಬಿಕಾ. ಅಂಗೈಯಿಂದ ಕಾಯಿಗಳನ್ನು ಬಳಿದರು.

ಮುಳ್ಳು ಇಳಿಯಿತು. ಸ್ವಲ್ಪ ತಡೆದು ಇನ್ನೂ ಇಳಿಯಿತು, ಆಮೇಲೆ ಸೊನ್ನೆಗೆ ಮಲಗಿತು. ಶ್ರೀಶೈಲಪ್ಪನವರ ಮುಖಕ್ಕೆ ಬಣ್ಣ ಬಂತು. ಅವರು ಚಷ್ಮಾ ಒರೆಸಿಕೊಂಡು, ಪಟ್ಟಿ ಬಿಚ್ಚಬಹುದೇ ಎಂದು ಕೇಳಿದರು.

“ಪೂರ್ತಿ ಹೋತೇನ್ರಿ?” ಎಂದಳು ಮಹಾದೇವಿ ನನಗೆ.

“ಹೋತು.”

ಅವಳು ಕಿಟಕಿಯ ಕಡೆ ತಿರುಗಿ ಅತ್ತಳು. ಶ್ರೀಶೈಲಪ್ಪ ಅದನ್ನು ನೋಡಿದರು. ನಮ್ಮ ಕಡೆಯೂ ನೋಡಿದರು, ಈಗ ಏನು ಮಾಡಬೇಕೆಂದು ಯಾರಾದರೂ ಹೇಳಲಿ ಎನ್ನುವ ಹಾಗೆ.

“ನೆನಪೆಲ್ಲಾ ಐತ್ರಿ,” ಎಂದರು ನೀಲಾಂಬಿಕಾಗೆ. “ಯಾರದೋ ಸುದ್ದಿ ಕೇಳಿದಂಗ ಐತಿ. ಮೂರು ಸರದಿಗೆ ತಾನ ಬಿಡೂ ಹಂಗ ಮಾಡಿ ಇದನ್ನ ಮತ್ತ ಕಟ್ಟಾಕ ಬರ್ತದೇನು? ಭಾನುವಾರ ಅಷ್ಟ. ಅಷ್ಟಕ್ಕ ಎದಿಗೆ ಏನೂ ಆಗೂದಿಲ್ಲ.”

ಲೆಕ್ಕ ಸರಿಯಾಗಿಯೇ ಇತ್ತು. ನೀಲಾಂಬಿಕಾ ನನ್ನ ಮುಖ ನೋಡಿದರು, ಆಗುತ್ತದೆ ಎಂದು ನಾನು ಬಾಯಿ ತೆರೆಯುವುದರಲ್ಲಿದ್ದೆ.

“ಬ್ಯಾಡ,” ಎಂದಳು ಮಹಾದೇವಿ. “ಪಟ್ಟಿ ಇಲ್ಲದ ಬರ್ರಿ.”

“ಪಟ್ಟಿ ಇಲ್ಲದ ಬಂದು ನಾ ಏನ್ ಮಾಡ್ಲಿ?”

“ಆಟ ಆಡ್ರಿ.”

ನೀಲಾಂಬಿಕಾ ಆ ವಾರವೇ ಎಲ್ಲ ಒಳ್ಳೆಯ ಅವಸ್ಥೆಗಳೂ ಎರಡು ಮೂರು ಸರದಿಗೆ ತಾವೇ ಬಿಡುವಂತೆ ನಿಯಮ ತಿದ್ದಿದರು. ಮಾರಿದ ಪೆಟ್ಟಿಗೆಗಳನ್ನು ವಾಪಸ್ ತರಿಸಿದೆವು. ಮಾಲೀಕರು ಕೂಗಾಡಿದರು, ನಾನೂ ಕೂಗಾಡಿದೆ. ಭಾನುವಾರ ತಂದೆ ಮಗಳು ನಮ್ಮ ಕಚೇರಿಗೇ ಬಂದರು. ಪಂಚರು ನೀಲಾಂಬಿಕಾ, ನಾಲ್ಕನೆಯವನಾಗಿ ನಾನು. ಯಾರ ಸೊಂಟಕ್ಕೂ ಪಟ್ಟಿ ಇರಲಿಲ್ಲ.

ಶ್ರೀಶೈಲಪ್ಪ ಚೆನ್ನಾಗಿ ಆಡಿದರು. ಮಾತಿಲ್ಲ, ಅವಸರವಿಲ್ಲ. ವೈರಿಗಳು ನುಗ್ಗಿದಾಗ ತಮ್ಮ ಕಾಯಿಯನ್ನು ನೇರ ಬಾಗಿಲಿಗೆ ಒಯ್ದು ನಿಲ್ಲಿಸಿದರು. ಅದು ಸರಿಯಾದ ನಡೆ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಇತ್ತ ಮಹಾದೇವಿಯ ಕಾಯಿಯನ್ನು ಇಬ್ಬರು ಸುತ್ತುವರಿದರು. ಅವಳು ತಂದೆಯ ಕಡೆ ನೋಡಿದಳು. ಅವರು ಹಾಸಿನ ಮೇಲಿನ ಮನೆಗಳನ್ನು ಎಣಿಸುತ್ತಿದ್ದರು. ಒಂದು ಪೆಟ್ಟು ಬಿತ್ತು. ಅವಳು ಮತ್ತೆ ನೋಡಿದಳು. ಎರಡನೆಯದೂ ಬಿತ್ತು, ಅವಳ ಕಾಯಿ ಉರುಳಿತು.

“ನಾ ಇಲ್ಲಿ ಸಾಯಾಕತ್ತೀನಿ, ನೀವಲ್ಲಿ ಬಾಗಲಾ ಕಾಯಾಕತ್ತೀರಿ!” ಎಂದು ಅವಳು ಕೂಗಿದಳು. ಮೇಜು ಅಲುಗಿತು. ತಂದೆಯ ಎದುರು ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲಿರಬೇಕು, ಕೂಗಿದ ಮೇಲೆ ತಾನೇ ಬಾಯಿ ಮುಚ್ಚಿಕೊಂಡಳು.

ಶ್ರೀಶೈಲಪ್ಪ ತಲೆ ಎತ್ತಿದರು. ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

“ಮೊದಲಽ ಹೇಳಬೇಕಿಲ್ಲೇನು?”

“ಹೇಳಬೇಕೇನಪ್ಪಾ ಅದನ್ನ?”

ಅವರು ಬಿದ್ದ ಕಾಯಿಯನ್ನು ನೋಡಿದರು, ಬಾಗಿಲಲ್ಲಿದ್ದ ತಮ್ಮ ಕಾಯಿಯನ್ನು ನೋಡಿದರು. ಹೊಟ್ಟೆಯಲ್ಲಿ ಏನಾದರೂ ಆಗುತ್ತದೋ ಎಂದು ಕಾಯುತ್ತಿರುವವರಂತೆ ಪಟ್ಟಿ ಇಲ್ಲದ ಸೊಂಟ ಮುಟ್ಟಿಕೊಂಡರು.

“ಬ್ಯಾರೆಯವರಿಗೆ ಹೇಳಬೇಕಾಗಿಲ್ಲ,” ಎಂದರು. “ನನಗ ಹೇಳಬೇಕವಾ. ಪ್ರತಿ ಸಲ ಹೇಳಬೇಕು.”

ಮಹಾದೇವಿ ಮೂಗು ಒರೆಸಿಕೊಂಡು, “ಹಂಗಾದ್ರ ಇಲ್ಲಿ ಬರ್ರಿ,” ಎಂದಳು. ಅವರು ಬಾಗಿಲು ಬಿಟ್ಟು ಬಂದರು. ಆ ಆಟದಲ್ಲಿ ನಾವು ಸೋತೆವು.